ಕಟ್ಟಿದವರು, ಕಟ್ಟಿಸಿದವರು

ಕನ್ನಡದಲ್ಲಿ ಕಟ್ಟುವುದು ಬೇರೆ, ಕಟ್ಟಿಸುವುದು ಬೇರೆ. ಕೆರೆ ಏರಿಯ ಮೇಲಿನ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರಿರುತ್ತದೆ, ಮಣ್ಣು ಹೊತ್ತವರ ಹೆಸರಿರುವುದಿಲ್ಲ. ಆದರೂ ಆ 'ಇಸು' ಅನ್ನುವ ಎರಡಕ್ಷರ ಸುಳ್ಳು ಹೇಳುವುದಿಲ್ಲ. ಈತ ಕಟ್ಟಲಿಲ್ಲ, ಬೇರೆಯವರ ಕೈಯಲ್ಲಿ ಕಟ್ಟಿಸಿದ ಅಂತ ಅದು ತಾನಾಗಿಯೇ ಒಪ್ಪಿಕೊಂಡುಬಿಡುತ್ತದೆ. ಇಂಗ್ಲಿಷಿನಲ್ಲಿ ಈ ಪೇಚಾಟವಿಲ್ಲ. ಅಲ್ಲಿ ಕಟ್ಟಿದವನಿಗೂ ಕಟ್ಟಿಸಿದವನಿಗೂ ಒಂದೇ ಕ್ರಿಯಾಪದ ಸಾಕು. 'ವಿಂಡೋಸ್ ಕಟ್ಟಿದ ಮನುಷ್ಯ' ಅಂತ ಒಬ್ಬರ ಫೋಟೋ ಹಾಕಿ ಪತ್ರಿಕೆಯಲ್ಲಿ ಬರೆದಾಗ ಯಾರಿಗೂ ನಗು ಬರದಿರುವುದು ಅದಕ್ಕೇ.

ಇದೆಲ್ಲ ನಮಗೆ ಯಾಕೆ ಅಂತ ಓದುಗರು ಕೇಳಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್ ಅನ್ನುವ ಊರಿನಲ್ಲಿ ಒಂದು ಕಂಪನಿ, ಅದರೊಳಗೊಂದು ವಿಭಾಗ, ಅದರ ಮೇಲೊಬ್ಬ ಮುಖ್ಯಸ್ಥ. ಅವನು ಒಳ್ಳೆಯವನೋ ಕೆಟ್ಟವನೋ ನಮಗೇನು? ಆದರೆ ಯೋಚಿಸಿ. ತಾಲೂಕು ಕಚೇರಿಯ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಶಾಲೆಯ ಮೂಲೆಯ ಕೋಣೆಯಲ್ಲಿ ಬೆಡ್‌ಶೀಟು ಹೊದ್ದು ಕೂತ ನಾಲ್ಕು ಕಂಪ್ಯೂಟರು, ಇವುಗಳಲ್ಲಿ ಬಹುಪಾಲು ಆ ವಿಭಾಗ ತಯಾರಿಸಿದ ಸಾಮಾನಿನ ಮೇಲೇ ನಿಂತಿವೆ. ನಮ್ಮ ನಿಮ್ಮ ಊರಿನ ಹುಡುಗ ಹುಡುಗಿಯರು ಬೆಂಗಳೂರಲ್ಲಿ, ಹೈದರಾಬಾದಿನಲ್ಲಿ ಇಂಥವೇ ವಿಭಾಗಗಳ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಕೂತು ದುಡೀತಿದ್ದಾರೆ. ನಾವು ಕಾಣದ ಕೋಣೆಯೊಂದರಲ್ಲಿ ನಾವು ಕಾಣದ ಒಬ್ಬ 'ಇದು ಇರಲಿ, ಅದು ಬೇಡ' ಅನ್ನುತ್ತಾನೆ. ಅದರ ಬಿಸಿ ನಮಗೆ ತಟ್ಟುತ್ತದೆ. ಹೀಗಿರುವಾಗ ಆ 'ಬೇಡ' ಅನ್ನುವ ಹಕ್ಕು ಎಲ್ಲಿಂದ ಬಂತು, ಅದಕ್ಕೆ ಆತ ಯಾರಿಗೆ ಜವಾಬು ಕೊಡಬೇಕು ಅಂತ ಕೇಳುವುದು ಅಧಿಕಪ್ರಸಂಗ ಆಗಲಾರದು.

ಮೊದಲು ಕೆಲಸದ ಸ್ವರೂಪ ತಿಳಿಯಬೇಕು. ಆಪರೇಟಿಂಗ್ ಸಿಸ್ಟಂ ಅಂದರೆ ಕಂಪ್ಯೂಟರಿನ ನೆಲಗಟ್ಟು. ಕೀಲಿ ಒತ್ತಿದರೆ ಅಕ್ಷರ ಮೂಡುವುದು, ಕಾಗದ ಪ್ರಿಂಟಾಗುವುದು, ಬರೆದಿಟ್ಟ ಕಡತ ನಾಳೆಯೂ ಸಿಗುವುದು, ಎಲ್ಲಕ್ಕೂ ಅದೇ ಆಧಾರ. ಮೇಲಿನ ಬೇರೆ ತಂತ್ರಾಂಶ ಕೆಟ್ಟರೆ ಅದೊಂದು ಕೆಟ್ಟಿತು. ನೆಲ ಕುಸಿದರೆ ಮನೆಯೇ ಕುಸಿಯಿತು.

ಈ ನೆಲಗಟ್ಟನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿಸಲು ಹೋಗಿ ಮೊದಲು ಪೆಟ್ಟು ತಿಂದ ಕಂಪನಿ ಐಬಿಎಂ. 1964ರ ಏಪ್ರಿಲ್ 7ರಂದು ಅದು ಸಿಸ್ಟಂ 360 ಎಂಬ ಯಂತ್ರಗಳ ಸಾಲನ್ನು ಪ್ರಕಟಿಸಿತು. ಅದರ ಆಪರೇಟಿಂಗ್ ಸಿಸ್ಟಮ್ಮಿನ ಹೊಣೆ ಫ್ರೆಡ್ ಬ್ರೂಕ್ಸ್ ಎಂಬುವರದು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಆ ಒಂದೇ ಕೆಲಸಕ್ಕೆ ನಿಂತರು. ಆದರೂ ತಡವಾಯಿತು, ಖರ್ಚು ಮೀರಿತು, ಬಂದ ಮೇಲೆ ದೋಷಗಳ ರಾಶಿ. ಬ್ರೂಕ್ಸ್ 1975ರಲ್ಲಿ ಆ ಅನುಭವವನ್ನೇ ಪುಸ್ತಕ ಮಾಡಿದರು. ತಡವಾದ ಕೆಲಸಕ್ಕೆ ಇನ್ನಷ್ಟು ಆಳು ಹಾಕಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅದರ ತಿರುಳು. ನಮ್ಮ ರೈತರಿಗೆ ಇದು ವಿಚಿತ್ರ ಅನ್ನಿಸಬಹುದು. ನಾಟಿಗೆ ಹತ್ತಾಳಿನ ಬದಲು ನೂರಾಳು ಇಳಿಸಿದರೆ ಹತ್ತು ದಿನದ ಕೆಲಸ ಒಂದೇ ದಿನಕ್ಕೆ ಮುಗೀತದೆ. ಯಾಕೆಂದರೆ ಪೈರು ನೆಡುವವಳು ಪಕ್ಕದವಳನ್ನು ಕೇಳಿ ನೆಡಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಒಬ್ಬ ಬರೆದದ್ದು ಇನ್ನೊಬ್ಬ ಬರೆದದ್ದರ ಮೇಲೆ ನಿಂತಿರುತ್ತದೆ. ಹತ್ತು ಜನ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದರೆ 45 ಜೋಡಿ. ನೂರು ಜನಕ್ಕೆ 4,950. ಸಾವಿರ ಜನಕ್ಕೆ 4,99,500. ಇದು ಶಾಲೆಯ ಮಕ್ಕಳು ಹಾಕಬಹುದಾದ ಲೆಕ್ಕ. ಅಷ್ಟು ಮಾತು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಮಾತು ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ, ಮೆಟ್ಟಿಲು ಬಂದಲ್ಲಿ ಯಜಮಾನಿಕೆ ಬರುತ್ತದೆ.

ಇಲ್ಲಿ ನಮ್ಮವರಲ್ಲಿ ಕೆಲವರಿಗೆ ಬಾಯಿಗೆ ಸುಲಭವಾಗಿ ಬರುವ ಮಾತೊಂದಿದೆ: ಮೇಲೆ ಕೂತವರೆಲ್ಲ ದಂಡಪಿಂಡಗಳು, ಕೆಲಸ ಮಾಡುವವರು ಕೆಳಗಿನವರು ಮಾತ್ರ. ಇದನ್ನು ನಾವು ಒಪ್ಪುವುದಿಲ್ಲ. ಈ ಅಂಕಿಗಳ ಮುಂದೆ ಅದು ನಿಲ್ಲುವುದೂ ಇಲ್ಲ. ಸಾವಿರ ಜನರ ದುಡಿಮೆ ಒಂದು ವಸ್ತುವಾಗಬೇಕಾದರೆ ಎಲ್ಲೋ ಒಂದು ಕಡೆ ತೀರ್ಮಾನ ಆಗಲೇಬೇಕು. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಗಾಡಿ ಮುಂದೆ ಹೋಗುವುದಿಲ್ಲ. ಕಟ್ಟಿಸುವುದೂ ಒಂದು ದುಡಿಮೆ. ನಮ್ಮ ಪ್ರಶ್ನೆ ಅದು ಎಂಥ ದುಡಿಮೆ, ಅದರಲ್ಲಿ ಬೆವರು ಯಾರದು, ಪೆಟ್ಟು ಯಾರಿಗೆ ಅನ್ನುವುದು.

ಡೇವ್ ಕಟ್ಲರ್ ಎಂಬ ಮನುಷ್ಯನನ್ನು ನೋಡಿ. 1988ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಬಿಟ್ಟು ಮೈಕ್ರೋಸಾಫ್ಟಿಗೆ ಬಂದವರು. ಹಳೆಯ ಸಂಗಾತಿಗಳನ್ನೂ ಜೊತೆಗೆ ಕರೆತಂದರು. ಐದು ವರ್ಷಕ್ಕೆ ಸ್ವಲ್ಪ ಕಡಿಮೆ ದುಡಿದು 1993ರ ಜುಲೈ 27ರಂದು ವಿಂಡೋಸ್ ಎನ್‌ಟಿ ಹೊರಗೆ ತಂದರು. ಇವತ್ತಿನ ವಿಂಡೋಸಿನ ಹೊಟ್ಟೆಯೊಳಗೆ ಇರುವುದು ಅದೇ ಎನ್‌ಟಿಯ ವಂಶ. ಕಟ್ಲರ್ ಅರ್ಧ ಕಟ್ಟಿಸಿದವರು, ಅರ್ಧ ಕಟ್ಟಿದವರು. ಕೊನೆಯವರೆಗೂ ತಾವೇ ಕೋಡ್ ಬರೆದರು. ದಿನವೂ ಎಲ್ಲರ ಕೋಡ್ ಒಟ್ಟು ಸೇರಿಸಿ ಯಂತ್ರ ಓಡುತ್ತದೋ ಇಲ್ಲವೋ ನೋಡುವ ಬಿಲ್ಡ್ ಕೋಣೆಯಲ್ಲಿ ತಾವೇ ನಿಂತರು. ಅವರು ತಂದ ಒಂದು ನಿಯಮ ನಮಗೆ ಮುಖ್ಯ. ಇನ್ನೂ ಹಸಿಯಾಗಿದ್ದ, ಗಳಿಗೆಗೊಮ್ಮೆ ಕೆಡುತ್ತಿದ್ದ ಆ ಎನ್‌ಟಿಯನ್ನು ಅದನ್ನು ಬರೆಯುವವರೇ ತಮ್ಮ ಮೇಜಿನ ಮೇಲೆ ಬಳಸಬೇಕು. ಅಡುಗೆಗೆ ಉಪ್ಪು ಜಾಸ್ತಿಯಾದರೆ ಮೊದಲು ಅಡುಗೆಯವನ ನಾಲಿಗೆಗೇ ತಿಳಿಯಲಿ ಅಂತ. ಆ ಕಂಪನಿಯಲ್ಲಿ ಇದಕ್ಕೆ 'ಡಾಗ್‌ಫುಡ್' ಅನ್ನುತ್ತಾರೆ, ನಾವೇ ತಯಾರಿಸಿದ ನಾಯಿ ಊಟವನ್ನು ನಾವೇ ಉಣ್ಣುವುದು. ಹೆಸರು ಹೊಲಸಾಗಿದ್ದರೂ ತತ್ವ ಹೊಲಸಲ್ಲ. ತೀರ್ಮಾನ ಮಾಡುವವನಿಗೂ ತೀರ್ಮಾನದ ನೋವು ತಟ್ಟಬೇಕು ಅನ್ನುವುದನ್ನು ಇದಕ್ಕಿಂತ ನೇರವಾಗಿ ಯಾವ ನೀತಿಶಾಸ್ತ್ರವೂ ಹೇಳಿರಲಾರದು.

ಹಾಗಂತ ಕಟ್ಲರ್‌ರನ್ನು ನಾವು ಹೊತ್ತು ಮೆರೆಸಲು ಹೊರಟಿಲ್ಲ. ಪಾಸ್ಕಲ್ ಜಕಾರಿ ಎಂಬ ಪತ್ರಕರ್ತರು 1994ರಲ್ಲಿ ಎನ್‌ಟಿಯ ಕತೆ ಬರೆದಿದ್ದಾರೆ. ಆ ಸಿಟ್ಟು, ಆ ಕೂಗಾಟ, ಹಗಲು ರಾತ್ರಿ ಒಂದಾದ ದುಡಿಮೆ, ಸೊರಗಿದ ಸಂಸಾರಗಳು, ಎಲ್ಲವೂ ಅದರಲ್ಲಿವೆ. ಜೊತೆಗೆ ಮಣ್ಣು ಹೊತ್ತ ಯಜಮಾನ ಅನ್ನುವುದು ಕೂಗಾಡುವ ಪರವಾನಗಿ ಅಲ್ಲ. ಆದರೂ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ತಾನೂ ಉಂಡ ಊಟವನ್ನು ಬಡಿಸಿದವನಿಗೂ, ತಾನು ಬಾಯಿಗಿಡದ್ದನ್ನು ಬಡಿಸಿದವನಿಗೂ ವ್ಯತ್ಯಾಸವಿದೆ.

ಎನ್‌ಟಿ ಹೊರಬಂದಾಗ ಕೋಡ್ ಬರೆಯುವವರು ಸುಮಾರು 200 ಜನ. 2000ನೇ ಇಸವಿಯ ಫೆಬ್ರವರಿಯಲ್ಲಿ ಅದರದೇ ಮುಂದಿನ ರೂಪ ವಿಂಡೋಸ್ 2000 ಬಂದಾಗ ಬರೆಯುವವರು 1,400, ಬರೆದದ್ದನ್ನು ಪರೀಕ್ಷೆ ಮಾಡುವ ಟೆಸ್ಟರುಗಳು 1,700, ಸುಮಾರು 2.9 ಕೋಟಿ ಸಾಲು ಕೋಡ್. ಬರೆಯುವವರಿಗಿಂತ ತಪ್ಪು ಹುಡುಕುವವರೇ ಹೆಚ್ಚು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ವಿಭಾಗದಲ್ಲಿ ಒಂದು ಕೋಣೆ ಇರುತ್ತದೆ. ಬಿಡುಗಡೆ ಹತ್ತಿರ ಬಂದಾಗ ಅಲ್ಲಿ ದಿನವೂ ಸಭೆ. ಅದಕ್ಕೆ ಅವರು ಯುದ್ಧದ ಕೋಣೆ ಅಂತಲೇ ಕರೆಯುವುದು. ಟೆಸ್ಟರುಗಳು ಹುಡುಕಿದ ದೋಷಗಳ ಪಟ್ಟಿ ಮೇಜಿನ ಮೇಲೆ ಬರುತ್ತದೆ. ಒಂದೊಂದಕ್ಕೂ ಎರಡು ಪ್ರಶ್ನೆ: ಇದು ಎಷ್ಟು ಜನರಿಗೆ ತಟ್ಟುತ್ತದೆ? ಇದನ್ನು ಸರಿ ಮಾಡಲು ಹೋದರೆ ಇನ್ನೇನು ಕೆಡುತ್ತದೆ? ಎರಡನೆಯ ಪ್ರಶ್ನೆ ನೆಪವಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಇಟ್ಟಿಗೆ ಎಳೆದರೆ ಗೋಡೆಯೇ ಬಂದುಬಿಡಬಹುದು. ಆದ್ದರಿಂದ ದಿನ ಕಳೆದ ಹಾಗೆ 'ಸರಿಪಡಿಸಿ' ಅನ್ನುವುದು ಕಡಿಮೆಯಾಗಿ 'ಇರಲಿ ಬಿಡಿ' ಅನ್ನುವುದು ಹೆಚ್ಚಾಗುತ್ತದೆ. ದೋಷವಿಲ್ಲದ ಆಪರೇಟಿಂಗ್ ಸಿಸ್ಟಂ ಇದುವರೆಗೆ ಬಂದಿಲ್ಲ. ಎಲ್ಲ ದೋಷ ತೀರಿದ ಮೇಲೆ ಕೊಡುತ್ತೇವೆ ಅಂದವನು ಯಾವತ್ತೂ ಕೊಡಲಾರ. ಅಂದರೆ ಆ ಮುಖ್ಯಸ್ಥ ನಿಜವಾಗಿ ಮಾಡುವ ಕೆಲಸ ಇದು: ಯಾವ ದೋಷ ಹೊರಗೆ ಹೋಗಲಿ ಎಂದು ಆರಿಸುವುದು. ಇನ್ನೂ ಬಿಚ್ಚಿ ಹೇಳುವುದಾದರೆ, ಯಾರಿಗೆ ಪೆಟ್ಟು ಬೀಳಲಿ ಎಂದು ಆರಿಸುವುದು. ಪೆಟ್ಟು ತಿನ್ನಬೇಕಾದವನು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ.

ಇದಕ್ಕೆ ಕನ್ನಡವೇ ಸಾಕ್ಷಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಕ್ರಮದಲ್ಲಿ ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ವಿಂಡೋಸ್ 2000ದಲ್ಲಿ ದೇವನಾಗರಿ ಬಂತು, ತಮಿಳು ಬಂತು. ಕನ್ನಡ ಬಂದದ್ದು 2001ರ ಅಕ್ಟೋಬರಿನ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರವಿನ್ಯಾಸದೊಂದಿಗೆ. ಹೊಳೆಯ ಹೆಸರನ್ನೇನೋ ಇಟ್ಟರು, ಸಂತೋಷ. ಆದರೆ ಅದು ತಾನಾಗಿ ಹರಿಯುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲ್ಲಿಗೆ ಹೋಗಿ, 'ಸಂಕೀರ್ಣ ಲಿಪಿಗಳು' ಎಂಬ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿಯ ಸಿಡಿಯನ್ನು ಯಂತ್ರದೊಳಗೆ ತೂರಿಸಿದರೆ ಮಾತ್ರ ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. ಸಿಡಿ ಯಾರ ಹತ್ತಿರ ಇತ್ತು? ಕಂಪ್ಯೂಟರ್ ಮಾರಿದ ಅಂಗಡಿಯವನ ಬೀರುವಿನಲ್ಲಿ. ಬರಹ, ನುಡಿ ಅಂತ ನಮ್ಮವರು ತಮ್ಮ ದಾರಿ ತಾವೇ ಮಾಡಿಕೊಳ್ಳಬೇಕಾಯಿತು. ಯಾರಾದರೂ ಕನ್ನಡದ ಮೇಲೆ ಹಗೆ ಸಾಧಿಸಿದರೆ? ಅದರ ಅಗತ್ಯವೇ ಇರಲಿಲ್ಲ. ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿ ನಾವು ಕೆಳಗಿದ್ದೆವು. 'ಇದು ಎಷ್ಟು ಜನರಿಗೆ ತಟ್ಟುತ್ತದೆ' ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ಕೊಂಡವರ ಲೆಕ್ಕದಲ್ಲಿ ಕೇಳಿದರೆ ಬಡವನ ಭಾಷೆ ಯಾವಾಗಲೂ ಕೆಳಗೇ ಇರುತ್ತದೆ. ಹಗೆಯಿಲ್ಲದೆ ಆಗುವ ಅನ್ಯಾಯ ಹಗೆಯಿಂದ ಆಗುವುದಕ್ಕಿಂತ ಗಟ್ಟಿ. ಜಗಳ ಆಡಲು ಎದುರಿಗೆ ಮುಖವೇ ಸಿಗುವುದಿಲ್ಲ ನೋಡಿ.

ಇನ್ನು ಕೋಣೆಯ ಹೊರಗೆ, ಆದರೆ ಅದೇ ಕಟ್ಟಡದೊಳಗೆ ಇದ್ದವರ ವಿಚಾರ. 1980ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಕಾಯಂ ನೌಕರರ ಪಕ್ಕದಲ್ಲೇ ಇನ್ನೊಂದು ಸಾಲು ಜನರನ್ನು ಇಟ್ಟುಕೊಂಡಿತ್ತು. ಪ್ರೂಫ್ ನೋಡುವವರು, ಸೂಚಿ ತಯಾರಿಸುವವರು, ಟೆಸ್ಟರುಗಳು. ಅದೇ ಕೆಲಸ, ಅದೇ ಮೇಲ್ವಿಚಾರಕ, ಅದೇ ಹೊತ್ತು. ಕಾಗದದ ಮೇಲೆ ಮಾತ್ರ ಇವರು ನೌಕರರಲ್ಲ, ಸ್ವತಂತ್ರರಂತೆ! 1989-90ರ ಸುಮಾರಿಗೆ ಅಮೆರಿಕದ ತೆರಿಗೆ ಇಲಾಖೆ ಇದು ಸುಳ್ಳು, ಇವರು ನೌಕರರೇ ಅಂದಿತು. ಆಮೇಲೆ ಹಲವರನ್ನು ಏಜೆನ್ಸಿಗಳ ಲೆಕ್ಕಕ್ಕೆ ಬರೆಸಲಾಯಿತು. 1992ರಲ್ಲಿ ಅವರು ಕೋರ್ಟಿಗೆ ಹೋದರು. ವಿಜ್‌ಕೈನೋ ಮೊಕದ್ದಮೆ ಅಂತ ಅದು ಪ್ರಸಿದ್ಧ. 1996ರ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ದಾಖಲಿಸಿದ ಸಂಗತಿಗಳನ್ನು ನಮ್ಮ ಓದುಗರು ಗಮನವಿಟ್ಟು ಓದಬೇಕು: ಈ ಜನರಿಗೆ ಬೇರೆ ಬಣ್ಣದ ಬ್ಯಾಡ್ಜು, ಬೇರೆ ಬಗೆಯ ಇ-ಮೇಲ್ ವಿಳಾಸ, ಕಂಪನಿಯ ಪಾರ್ಟಿ ಸಮಾರಂಭಗಳಿಗೆ ಕರೆ ಇಲ್ಲ. ಕೆಲಸಕ್ಕೆ ಒಳಗೆ, ಊಟಕ್ಕೆ ಹೊರಗೆ. ಈ ಸಾಲನ್ನು ನಮ್ಮ ಊರಿನವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. 2000ದ ಡಿಸೆಂಬರಿನಲ್ಲಿ 9.7 ಕೋಟಿ ಡಾಲರಿಗೆ ಮೊಕದ್ದಮೆ ರಾಜಿಯಾಯಿತು.

ನಾವು ಇಲ್ಲಿ ಹೇಳಹೊರಟದ್ದು ಬರೀ ಕೂಲಿಯ ಅನ್ಯಾಯವಲ್ಲ. ಟೆಸ್ಟರ್ ಅಂದರೆ ಯಾರು? 'ಇದು ಕೆಟ್ಟಿದೆ, ಹೊರಗೆ ಬಿಡಬೇಡಿ' ಅಂತ ಹೇಳುವುದಕ್ಕೇ ಸಂಬಳ ಪಡೆಯುವವರು. ಕೋಣೆಯಲ್ಲಿ ಇಲ್ಲದ ನಮ್ಮ ಪರವಾಗಿ ಮಾತಾಡಬಹುದಾದ ಒಂದೇ ಬಾಯಿ. ಆ ಬಾಯಿಗೆ ಬೇರೆ ಬಣ್ಣದ ಬ್ಯಾಡ್ಜು ತಗುಲಿಸಿದರೆ ಅದರ ಮಾತಿಗೆ ಎಷ್ಟು ತೂಕ ಉಳಿಯಿತು? ಮುಂದಿನ ತಿಂಗಳು ಏಜೆನ್ಸಿಯವನು ಫೋನ್ ಮಾಡಿ ಬರಬೇಡ ಅನ್ನಬಹುದಾದ ಮನುಷ್ಯ ಯಜಮಾನನ ಎದುರಿಗೆ ನಿಂತು 'ಬೇಡ' ಅಂದಾನೆಯೇ?

ಸತ್ಯ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಅನ್ನುವುದಕ್ಕೆ ಲಾಂಗ್‌ಹಾರ್ನ್ ಕತೆಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಎಕ್ಸ್‌ಪಿಯ ಮುಂದಿನ ವಿಂಡೋಸಿಗೆ ಇಟ್ಟ ಒಳಹೆಸರು ಅದು. ಜಿಮ್ ಆಲ್ಚಿನ್ ವಿಂಡೋಸಿನ ಮುಖ್ಯಸ್ಥರು. 2003ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಸಾವಿರಾರು ತಂತ್ರಜ್ಞರನ್ನು ಸೇರಿಸಿ ಬರಲಿರುವ ಅದ್ಭುತವನ್ನು ಕಂಪನಿ ಪ್ರದರ್ಶಿಸಿತು. ಮೂರು ತಿಂಗಳೂ ತುಂಬಿರಲಿಲ್ಲ. 2004ರ ಜನವರಿಯಲ್ಲಿ ಆಲ್ಚಿನ್ ತಮ್ಮ ಮೇಲಿನ ಇಬ್ಬರಿಗೆ, ಬಿಲ್ ಗೇಟ್ಸ್ ಮತ್ತು ಸ್ಟೀವ್ ಬಾಲ್ಮರ್‌ಗೆ, ಒಂದು ಪತ್ರ ಬರೆದರು. ನಾವು ದಾರಿ ತಪ್ಪಿದ್ದೇವೆ, ನಾನು ಈ ಕಂಪನಿಯಲ್ಲಿ ಇಲ್ಲದಿದ್ದರೆ ಮ್ಯಾಕ್ ಕಂಪ್ಯೂಟರ್ ಕೊಳ್ಳುತ್ತಿದ್ದೆ ಎಂಬುದು ಅದರ ಭಾವ. ಆ ಪತ್ರ ಜನರಿಗೆ ಗೊತ್ತಾದದ್ದು ಅಯೋವ ರಾಜ್ಯದ ಒಂದು ಮೊಕದ್ದಮೆಯಲ್ಲಿ, 2006ರ ಕೊನೆಗೆ. ಎಚ್ಚರಿಸಲೆಂದು ಉತ್ಪ್ರೇಕ್ಷೆ ಮಾಡಿ ಬರೆದೆ ಅಂತ ಆಲ್ಚಿನ್ ಆಮೇಲೆ ಹೇಳಿದರು. ಇರಲಿ. 2004ರ ಜುಲೈನಲ್ಲಿ ಅವರೇ ಗೇಟ್ಸ್ ಕೋಣೆಗೆ ಹೋಗಿ ಇದು ಆಗುವ ಕೆಲಸವಲ್ಲ ಅಂದರು. ಆಗಸ್ಟಿನಲ್ಲಿ ಕಂಪನಿ ತಾನು ಕೊಟ್ಟ ದೊಡ್ಡ ಭರವಸೆಗಳಲ್ಲಿ ಕೆಲವನ್ನು ಬಹಿರಂಗವಾಗಿ ಕೈಬಿಟ್ಟಿತು. ಸಾವಿರಾರು ಜನರ ಮೂರು ವರ್ಷದ ದುಡಿಮೆಯಲ್ಲಿ ಬಹುಭಾಗವನ್ನು ಬದಿಗೆ ಸರಿಸಿ ವಿಂಡೋಸ್ ಸರ್ವರ್ 2003ರ ಕೋಡಿನಿಂದ ಮತ್ತೆ ಶುರು ಮಾಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ, ಇಲ್ಲಿ ಕುಂಬಾರನೇ ದೊಣ್ಣೆ ಹಿಡಿಯಬೇಕಾಯಿತು. ವಿಸ್ಟಾ ಎಂಬ ಹೆಸರಿನಲ್ಲಿ ಅದು ಮನೆಗಳಿಗೆ ಬಂದದ್ದು 2007ರ ಜನವರಿ 30ರಂದು. ಆಲ್ಚಿನ್ ನಿವೃತ್ತರಾದದ್ದೂ ಆ ಹೊತ್ತಿಗೇ.

ಆ ದೊಣ್ಣೆ ಹಿಡಿದ ಧೈರ್ಯವನ್ನು ನಾವು ಹೀಗಳೆಯುವುದಿಲ್ಲ. ಹಾಳಾದದ್ದನ್ನು ಹಾಳಾಯಿತು ಅನ್ನುವುದು ದೊಡ್ಡ ಮಾತೇ. ಆದರೆ ಕೇಳಬೇಕಾದ್ದು ಬೇರೆ. ದಿನದ ಬಿಲ್ಡ್ ಒಡೆದು ಬೀಳುತ್ತಿದ್ದದ್ದು ಬಿಲ್ಡ್ ಕೋಣೆಯ ಹುಡುಗರಿಗೆ ಕಾಣದೆ ಇತ್ತೇ? ಅಮಿತಾಭ್ ಶ್ರೀವಾಸ್ತವ ಎಂಬ ಭಾರತ ಮೂಲದ ಎಂಜಿನಿಯರು ತಮ್ಮ ತಂಡದಿಂದ ವಿಂಡೋಸಿನ ಯಾವ ಭಾಗ ಯಾವ ಭಾಗವನ್ನು ಹಿಡಿದು ನಿಂತಿದೆ ಎಂಬ ನಕ್ಷೆ ಬರೆಸಿದಾಗ ಅದು ಗೋಡೆಯಗಲ ಆಯಿತು, ಗೆರೆಗಳ ಮೇಲೆ ಗೆರೆ, ಸಿಕ್ಕು ಬಿದ್ದ ನೂಲು. ಆ ಸಿಕ್ಕು ಹೊಸದಾಗಿ ಹುಟ್ಟಿದ್ದಲ್ಲ, ಕಾಣಿಸಿದ್ದು ಹೊಸದು. ಕೆಳಗೆ ಗೊತ್ತಿದ್ದದ್ದು ಮೇಲೆ ಮುಟ್ಟಲು ವರ್ಷಗಳು ಬೇಕಾದರೆ ಮೇಲಿನವನು ನನಗೆ ಗೊತ್ತಿರಲಿಲ್ಲ ಅನ್ನುವುದು ಸಬೂಬಾಗುವುದಿಲ್ಲ. ಗೊತ್ತಾಗದ ಹಾಗೆ ಮೆಟ್ಟಿಲು ಕಟ್ಟಿಸಿದವನು ಯಾರು?

ಇದು ನಮ್ಮ ಭಾವಾವೇಶದ ಮಾತಲ್ಲ. ಮೆಲ್ವಿನ್ ಕಾನ್ವೇ ಎಂಬುವರು 1968ರಲ್ಲೇ ಬರೆದರು: ಒಂದು ಸಂಸ್ಥೆ ರೂಪಿಸುವ ವ್ಯವಸ್ಥೆಯಲ್ಲಿ ಆ ಸಂಸ್ಥೆಯೊಳಗಿನ ಮಾತುಕತೆಯ ಆಕಾರವೇ ಮೂಡಿರುತ್ತದೆ ಅಂತ. 2008ರಲ್ಲಿ ಮೈಕ್ರೋಸಾಫ್ಟಿನದೇ ಸಂಶೋಧನಾ ವಿಭಾಗದ ನಾಚಿಯಪ್ಪನ್ ನಾಗಪ್ಪನ್ ಮತ್ತು ಇಬ್ಬರು ಸಂಗಾತಿಗಳು ಇದನ್ನು ವಿಸ್ಟಾದ ಮೇಲೆ ತೂಗಿ ನೋಡಿದರು. ಯಾವ ಭಾಗ ಕೆಡುತ್ತದೆ ಅಂತ ಮೊದಲೇ ಹೇಳುವುದು ಹೇಗೆ? ಕೋಡ್ ಎಷ್ಟು ಜಟಿಲ, ಎಷ್ಟು ಸಲ ತಿದ್ದಿದ್ದಾರೆ ಎಂಬ ಹಳೆಯ ಅಳತೆಗಳಿದ್ದವು. ಇವರು ಬೇರೆ ಲೆಕ್ಕ ಹಾಕಿದರು. ಆ ಭಾಗವನ್ನು ಎಷ್ಟು ಜನ ಮುಟ್ಟಿದರು, ಮುಟ್ಟಿದವರಲ್ಲಿ ಎಷ್ಟು ಜನ ಕೆಲಸ ಬಿಟ್ಟು ಹೋದರು, ಅದರ ಒಡೆತನ ಏಣಿಯಲ್ಲಿ ಎಷ್ಟು ಎತ್ತರದಲ್ಲಿದೆ, ಎಷ್ಟು ಬೇರೆ ಬೇರೆ ತಂಡಗಳು ಅದರಲ್ಲಿ ಕೈಯಾಡಿಸಿದವು. ಈ ಲೆಕ್ಕ ನೂರಕ್ಕೆ 80ಕ್ಕಿಂತ ಹೆಚ್ಚು ಸಲ ಸರಿ ಹೇಳಿತು, ಕೋಡಿನ ಅಳತೆಗಳೆಲ್ಲ ಇದರ ಹಿಂದೆ ಉಳಿದವು. ಅಂದರೆ ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ತಿಳಿಯಲು ಹುಡುಗ ಬರೆದ ಸಾಲಿಗಿಂತ ಆ ಹುಡುಗನನ್ನು ಕೂರಿಸಿದ ಜಾಗವನ್ನು ನೋಡುವುದು ಮೇಲು. ಜಾಗ ಕೊಟ್ಟವನು ಮುಖ್ಯಸ್ಥ. ಹೀಗಿದ್ದೂ ವರ್ಷದ ಕೊನೆಗೆ ಅಂಕ ಬೀಳುತ್ತಿದ್ದದ್ದು ಹುಡುಗನಿಗೇ.

ಆ ಅಂಕದ ಪದ್ಧತಿಯೂ ಸೊಗಸಾಗಿತ್ತು. ಒಂದು ತಂಡದಲ್ಲಿ ಇಷ್ಟು ಜನ ಮೇಲು, ಇಷ್ಟು ಜನ ನಡು, ಇಷ್ಟು ಜನ ಕೀಳು ಅಂತ ಮೊದಲೇ ಪ್ರಮಾಣ ನಿಗದಿ. ಎಲ್ಲರೂ ಚೆನ್ನಾಗಿ ದುಡಿದಿದ್ದರೂ ಕೆಲವರು ಕೀಳಾಗಲೇಬೇಕು. ನಮ್ಮ ಮೇಷ್ಟ್ರುಗಳು ಯೋಚಿಸಲಿ: ಹತ್ತು ಮಕ್ಕಳ ತರಗತಿಯಲ್ಲಿ ಒಬ್ಬರನ್ನು ಕಡ್ಡಾಯವಾಗಿ ಫೇಲ್ ಮಾಡಬೇಕು ಅಂದರೆ ಮಕ್ಕಳು ಒಬ್ಬರಿಗೊಬ್ಬರು ಪಾಠ ಹೇಳಿಕೊಟ್ಟಾರೆಯೇ? 2013ರ ನವೆಂಬರಿನಲ್ಲಿ ಕಂಪನಿ ಇದನ್ನು ಕೈಬಿಟ್ಟಿತು, ಅದು ಒಳ್ಳೆಯದಾಯಿತು. ಅಷ್ಟರಲ್ಲಿ ಎಷ್ಟು ಮಾತು ಎಷ್ಟು ಬಾಯೊಳಗೇ ಉಳಿಯಿತೋ.

ವಿಸ್ಟಾ ಆದ ಮೇಲೆ ಸ್ಟೀವನ್ ಸಿನೋಫ್‌ಸ್ಕಿ ಬಂದರು. ಮೆಟ್ಟಿಲು ಕಡಿಮೆ ಮಾಡಿದರು, ಕೆಲಸವನ್ನು ಸುಮಾರು 25 ತಂಡಗಳಿಗೆ ಹಂಚಿದರು, ಒಂದೊಂದರಲ್ಲಿ ಹೆಚ್ಚುಕಡಿಮೆ 40 ಜನ ಬರೆಯುವವರು. 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂತು, ಜನ ಮೆಚ್ಚಿದರು. ಅದೇ ಕೈ 2012ರಲ್ಲಿ ವಿಂಡೋಸ್ 8ರಿಂದ ಸ್ಟಾರ್ಟ್ ಬಟನ್ ಕಿತ್ತುಹಾಕಿತು. ಸ್ಟಾರ್ಟ್ ಮೆನು ಬಳಕೆ ಇಳಿಯುತ್ತಿದೆ ಅಂತ ಅಂಕಿ ಅಂಶ ತೋರಿಸಿದರು. ಮುಂಚೆಯೇ ಪ್ರಯೋಗಕ್ಕೆ ಕೊಟ್ಟಾಗ ಜನ ಗೊಣಗಿದ್ದು ಕೇಳಲಿಲ್ಲವೋ, ಕೇಳಿಯೂ ಲೆಕ್ಕಕ್ಕೆ ಹಿಡಿಯಲಿಲ್ಲವೋ. ಎಣಿಸುವುದನ್ನೇ ಕೇಳಿಸಿಕೊಳ್ಳುವುದು ಅಂದುಕೊಂಡರೆ ಹೀಗಾಗುತ್ತದೆ. ಮರು ವರ್ಷ 8.1ರಲ್ಲಿ ಬಟನ್ ವಾಪಸ್ ಬಂತು.

ಈಗ ಆ 1,700 ಟೆಸ್ಟರುಗಳ ಮಾತಿಗೆ ಬರೋಣ. 2014ರ ಜುಲೈನಲ್ಲಿ ಕಂಪನಿ 18,000 ಜನರವರೆಗೆ ಕೆಲಸದಿಂದ ತೆಗೆಯುವುದಾಗಿ ಹೇಳಿತು. ಅದರಲ್ಲಿ 12,500 ನೋಕಿಯಾದಿಂದ ಬಂದವರ ಕಡೆಯವು. ಆ ಹೊತ್ತಿನಲ್ಲೇ ಟೆಸ್ಟರುಗಳನ್ನು ಬೇರೆ ಪಂಗಡವಾಗಿ ಇಡುವ ಪದ್ಧತಿ ಮುರಿಯಿತು. ಬರೆದವರೇ ಪರೀಕ್ಷೆ ಮಾಡಿಕೊಳ್ಳಲಿ, ಕೆಲಸ ಬೇಗ ಆಗುತ್ತದೆ ಅನ್ನುವುದು ವಾದ. ಅದೇ ವರ್ಷದ ಅಕ್ಟೋಬರಿನಿಂದ ಇಷ್ಟಪಟ್ಟ ಬಳಕೆದಾರರಿಗೆ ಹಸಿ ವಿಂಡೋಸ್ ಕೊಟ್ಟು ದೋಷ ತಿಳಿಸಿ ಎಂಬ ಕಾರ್ಯಕ್ರಮ ಶುರುವಾಯಿತು. ಸಂಬಳವಿಲ್ಲದ ಲಕ್ಷಾಂತರ ಟೆಸ್ಟರುಗಳು! ಅಡುಗೆಯವರು ಮೊದಲು ಉಣ್ಣಬೇಕು ಎಂಬ ಹಳೆಯ ನಿಯಮ ಹೋಗಿ, ಪಂಕ್ತಿಗೆ ಕೂತವರೇ ರುಚಿ ನೋಡಿ ಹೇಳಲಿ ಅಂತಾಯಿತು.

2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ಒಂದು ಹೊಸ ಕಂತು ಹೊರಗೆ ಬಂತು. ಹಾಕಿಕೊಂಡ ಕೆಲವರ ಕಡತಗಳು ಮಾಯ. ತಮ್ಮ ದಾಖಲೆಗಳ ಫೋಲ್ಡರನ್ನು ಬೇರೆ ಜಾಗಕ್ಕೆ ತಿರುಗಿಸಿ, ಹಳೆಯ ಜಾಗದಲ್ಲೂ ಒಂದಷ್ಟು ಬಿಟ್ಟಿದ್ದವರ ಹಳೆಯ ಫೋಲ್ಡರು ಖಾಲಿ ಅಂತ ತಿಳಿದು ಆ ಕಂತು ಅದನ್ನು ಅಳಿಸಿತ್ತು. 6ನೇ ತಾರೀಕು ಹಂಚಿಕೆ ನಿಲ್ಲಿಸಿದರು. ವರದಿಯಾದದ್ದು ಶೇಕಡಾ ಒಂದರ ನೂರನೇ ಒಂದು ಪಾಲು ಮಾತ್ರ ಅಂತ ಕಂಪನಿ ಹೇಳಿತು. ಇರಬಹುದು. ಕೋಟಿಗಟ್ಟಲೆ ಜನ ಬಳಸುವ ಸಾಮಾನಿನಲ್ಲಿ ಶೇಕಡಾವಾರಿಗೆ ಮನುಷ್ಯ ಕಾಣುವುದಿಲ್ಲ. ಮಗಳ ಫೋಟೋ ಕಳಕೊಂಡವನಿಗೆ ಅದು ನೂರಕ್ಕೆ ನೂರು. ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದು. ಆ ಸಂಬಳವಿಲ್ಲದ ಟೆಸ್ಟರುಗಳಲ್ಲಿ ಕೆಲವರು ಬಿಡುಗಡೆಗೆ ಮೊದಲೇ ನಮ್ಮ ಕಡತ ಹೋಯಿತು ಅಂತ ಬರೆದು ತಿಳಿಸಿದ್ದರು. ಸಾವಿರಾರು ದೂರುಗಳ ರಾಶಿಯಲ್ಲಿ ಅದು ಹೂತುಹೋಗಿತ್ತು. ಮಾತಾಡಲು ಬಾಯಿ ಕೊಟ್ಟಿದ್ದರು, ತಡೆಯಲು ಕೈ ಕೊಟ್ಟಿರಲಿಲ್ಲ.

ಇದಕ್ಕೆಲ್ಲ ಲಿನಕ್ಸ್ ದಾರಿ ಇದೆಯಲ್ಲ ಅಂತ ನಮ್ಮ ಯುವ ಮಿತ್ರರು ಹೇಳ್ತಾರೆ. ಇದೆ. 1991ರಿಂದ ಲೈನಸ್ ಟೊರ್ವಾಲ್ಡ್ಸ್ ಅದನ್ನು ನಡೆಸುತ್ತಾ ಬಂದಿದ್ದಾರೆ. ಕೋಡ್ ಎಲ್ಲರೆದುರಿಗೆ, ಜಗಳವೂ ಎಲ್ಲರೆದುರಿಗೆ. ಬೇಸರವಾದವನು ಪೂರಾ ಕೋಡ್ ಎತ್ತಿಕೊಂಡು ತನ್ನ ಮನೆ ತಾನು ಕಟ್ಟಿಕೊಳ್ಳಬಹುದು. ಎದ್ದು ಹೋಗುವ ಹಕ್ಕು ಇರುವಲ್ಲಿ ಯಜಮಾನನ ಮಾತಿಗೆ ಲಗಾಮು ಇರುತ್ತದೆ, ನಿಜ. ಆದರೆ ಅಲ್ಲೂ ವರ್ಷಗಟ್ಟಲೆ ಬೈಗುಳ ನಡೆಯಿತು. 2018ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸ್ ಕ್ಷಮೆ ಕೇಳಿ ಸ್ವಲ್ಪ ಕಾಲ ಬಿಡುವು ತೆಗೆದುಕೊಂಡರು. ಇವತ್ತು ಅದರ ಕೆಲಸದ ಬಹುಪಾಲು ಮಾಡುವವರು ದೊಡ್ಡ ಕಂಪನಿಗಳ ಸಂಬಳದವರೇ. ಬೈಯುವ ನಾಯಕರು ಚಳುವಳಿಗಳಲ್ಲೂ ಉಂಟು. ಅದಕ್ಕೆ ಇಲ್ಲಿ ಜಾಗವಿಲ್ಲ, ಬೇರೆ ಲೇಖನವೇ ಬೇಕು.

ಇಷ್ಟು ದೊಡ್ಡ ಕೆಲಸದಲ್ಲಿ ಎಲ್ಲರನ್ನೂ ಕೇಳುತ್ತಾ ಕೂರಲು ಆಗುತ್ತದೆಯೇ ಎಂಬ ಆಕ್ಷೇಪಣೆ ಬರುತ್ತದೆ. ಆಗುವುದಿಲ್ಲ. ಆ 4,99,500ರ ಲೆಕ್ಕ ಕೊಟ್ಟವರು ನಾವೇ. ಎಲ್ಲರನ್ನೂ ಕೇಳಿ ಅಂತ ನಾವು ಹೇಳುತ್ತಿಲ್ಲ. ಪೆಟ್ಟು ಬೀಳುವ ಕಡೆಯ ಒಬ್ಬ ಮನುಷ್ಯ ಆ ಕೋಣೆಯಲ್ಲಿರಲಿ, ಅವನಿಗೆ 'ನಿಲ್ಲಿಸಿ' ಅನ್ನುವ ಅಧಿಕಾರ ಇರಲಿ, ಅದನ್ನು ಅಂದದ್ದಕ್ಕೆ ಅವನ ಅನ್ನ ಹೋಗದಿರಲಿ. ಇಷ್ಟು ಮೂರು ಇದ್ದರೆ ಮುಖ್ಯಸ್ಥನ 'ಬೇಡ'ಕ್ಕೆ ಒಂದು ಹಕ್ಕು ಹುಟ್ಟುತ್ತದೆ. ಬಿಡುಗಡೆ ಎರಡು ತಿಂಗಳು ತಡವಾಗಬಹುದು. ಆ ಎರಡು ತಿಂಗಳ ಬೆಲೆಯನ್ನು ಕಂಪನಿ ಕೊಡುತ್ತದೆ; ಈಗ ಅದನ್ನು ಕಡತ ಕಳಕೊಂಡವನು ಕೊಡುತ್ತಿದ್ದಾನೆ. 'ಪೂರ್ತಿ ಹೊಣೆ ನನ್ನದು' ಅಂತ ದೊಡ್ಡವರು ಹೇಳುವುದನ್ನು ನಾವು ಆಗಾಗ ಓದುತ್ತೇವೆ. ಹಾಗೆ ಹೇಳಿದವರು ಏನನ್ನು ಕಳಕೊಂಡರು ಅಂತ ಅದೇ ಸುದ್ದಿಯ ಕೆಳಗೆ ಹುಡುಕಿ ನೋಡಿ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ ಮುಗಿಯಿತು. ಮನೆಯ ಬಳಕೆದಾರರಿಗೆ ಸುರಕ್ಷತೆಯ ತೇಪೆಗಳು ಇನ್ನೊಂದು ವರ್ಷ ಸಿಗುತ್ತವೆ, ಅದಕ್ಕೂ ಹೆಸರು ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಸುಮಾರು 2018ರಿಂದೀಚಿನ ಪ್ರೊಸೆಸರ್ ಬೇಕು. ಭದ್ರತೆಗೆ ಅದು ಒಳ್ಳೆಯದೇ ಅಂತ ತಿಳಿದವರು ಹೇಳುತ್ತಾರೆ, ನಾವು ಅಲ್ಲಗಳೆಯುವುದಿಲ್ಲ. ಶಾಲೆಯ ಆ ಮೂಲೆ ಕೋಣೆಯಲ್ಲಿರುವುದು ದಾನಿಗಳು ಹತ್ತು ವರ್ಷದ ಹಿಂದೆ ಕೊಟ್ಟ ಯಂತ್ರಗಳು. ಓಡುತ್ತವೆ, ಏಳನೇ ತರಗತಿಯ ಹುಡುಗಿಯರು ಅದರಲ್ಲೇ ತಮ್ಮ ಹೆಸರನ್ನು ಕನ್ನಡದಲ್ಲಿ ಟೈಪು ಮಾಡುವುದನ್ನು ಕಲಿತಿದ್ದಾರೆ. ಮೇಷ್ಟ್ರು ಬೆಡ್‌ಶೀಟು ಸರಿಸಿ ಸ್ವಿಚ್ಚು ಹಾಕಿದರೆ ಈ ಕಂಪ್ಯೂಟರಿಗೆ ಅರ್ಹತೆ ಇಲ್ಲ ಎಂಬ ಸಾಲು ಪರದೆಯ ಮೇಲೆ ಬರುತ್ತದೆ. ಅದನ್ನು ಯಾವ ಸಭೆಯಲ್ಲಿ ತೀರ್ಮಾನಿಸಿದರು, ಆ ದಿನ ಮೇಜಿನ ಸುತ್ತ ಯಾರು ಯಾರು ಕೂತಿದ್ದರು ಅಂತ ಮೇಷ್ಟ್ರು ಯಾರನ್ನು ಕೇಳಬೇಕು?